ಕೊಂಬಿಲ್ಲದ ವಧು

ಗದಗಿನ ಪ್ರೆಸ್ಸಿನ್ಯಾಗ ನಮ್ಮಪ್ಪ ಕರಡು ತಿದ್ದತಾನ.
ಹೋದ ವೈಶಾಖದಾಗ ಒಂದು ಕೊಂಬು ಅವನ ಕಣ್ಣು ತಪ್ಪಿಸಿ ಓಡಿಹೋತು.
ಚಿ. ಸೌ. ವಧು ಇರಬೇಕಾದಲ್ಲೆ ಚಿ. ಸೌ. ವಧ,
ಮುನ್ನೂರು ಪತ್ರಿಕಿ.
ಸುದ್ದಿ ಮನಿಗೆ ಬಂದಾಗ
"ಒಂದು ಲೆಕ್ಕಕ್ಕ ಖರೇನ ಅಚ್ಚಾಗೇತಲ್ಲ" ಅಂದೆ.
ಅವ್ವ ತೊಡಿ ಚಿವುಟಿದ್ಲು.
ಅಪ್ಪ ನಗು ಬಚ್ಚಿಡಾಕ ನೀರು ಕುಡದ.

ಆ ಮುನ್ನೂರೂ ಈಗ ನನ್ನ ನೋಟುಬುಕ್ಕು.
ಪ್ರತಿ ಕವಿತಿ ಬೆನ್ನಿಗೂ ಅದ ಮದುವಿ, ಅದ ಗಣಪತಿ,
ಅದ ಮುಹೂರ್ತ ಹತ್ತೂ ಮೂವತ್ತೈದು.
ಅಜ್ಜಿ ಹಾಳಿ ಹೊಳ್ಳಿಸಿ ಕೇಳತಾಳ,
"ಯಾರ್ದವಾ ಲಗ್ನ? ಹೋಗಬೇಕೇನು?"
ಬ್ಯಾಡಜ್ಜಿ, ಅಲ್ಲೆ ವಧ ನಡದೈತಿ.

ಕರಡು ತಿದ್ದಾಂವನ ಮಗಳು, ಅದಕ್ಕ ಹೆಸರು ಶರ್ಮಿಷ್ಠಾ.
ಹನ್ನೊಂದು ವರ್ಷ ಹಾಜರಿ ಪುಸ್ತಕದಾಗ
ಒಬ್ಬ ಮಾಸ್ತರನೂ ಸರಿ ಬರೀಲಿಲ್ಲ.
ಅವ್ವಗ ಸಿಟ್ಟು ಬಂದ್ರ ಬರೇ "ಏ ಇಕಿ".

ಕಿರಾಣಿ ಚೀಟಿ ಬರಿಯೂದು ನನ್ನ ಪಾಳಿ ಇತ್ತು.
ಅಂಗಡಿ ಈರಬಸಪ್ಪ ಚೀಟಿ ಕಣ್ಣಿಗೆ ಹಿಡದು ಅಂದ:
"ತೊಗರಿಬ್ಯಾಳಿ ಗೊತ್ತಾತು, ಪುಟಾಣಿ ಗೊತ್ತಾತು.
ಈ 'ಒಲಿ ಮ್ಯಾಲಿಟ್ಟ ಸಂಜಿ ಮುಗಿಲು'
ಪಾವಕೆಜಿ ಕಟ್ಟಲೋ, ಅರ್ಧಾನೋ?"
ಅವತ್ತಿಂದ ತಮ್ಮ ಬರೀತಾನ.

ಇನ್ನ ಮಾಲತೇಶ.
ರಾಣೆಬೆನ್ನೂರ ಕಡೆಯಾಂವ, ಅತ್ತಿ ಮನ್ಯಾಗ ಇರತಾನ,
ಪಿಯುಸಿ ಕಾಮರ್ಸು. ಕಿವಿ ಒಂಚೂರು ದೊಡ್ಡವು,
ನಕ್ಕರ ಅವೂ ನಗತಾವ.
ಮುಳಗುಂದ ನಾಕಾದಾಗ ಕೈಯಾಗ ಚೀಟಿ ತುರುಕಿ
ನಾನೇನು ಕಚ್ಚತೇನೋ ಅನ್ನೂಹಂಗ ಓಡಿದ.

ನಾಲ್ಕು ಸಾಲು, ಒಂಬತ್ತು ತಪ್ಪು.
ಹೃದಯಕ್ಕ ವಟ್ರಸುಳಿ ಇಲ್ಲ. ಪ್ರೀತಿಗೆ ದೀರ್ಘ ಇಲ್ಲ.
ದೀರ್ಘ ಇಲ್ಲದ ಪ್ರೀತಿ ತಗೊಂಡು ನಾ ಏನ ಮಾಡಲಿ?
ಕೈ ಕೇಳಲಿಲ್ಲ. ರಕ್ತದಾಗ ಬಂದದ್ದು.
ಕೆಂಪು ಪೆನ್ನಿನ್ಯಾಗ ಎಲ್ಲಾ ತಿದ್ದಿ, ಅಂಚಿನ್ಯಾಗ
'ಎರಡನೇ ಕರಡು ಕಳಿಸುವುದು' ಅಂತ ಬರದು ವಾಪಸ್ ಕೊಟ್ಟೆ.

ಹನ್ನೆರಡು ದಿನ ಆಂವ ಬ್ಯಾರೆ ಬಸ್ಸು ಹತ್ತಿದ.

ಬನಶಂಕರಿ ಬೆಟಗೇರಿಯಾಕಿ, ಮನ್ಯಾಗ ಮಗ್ಗ.
ಗಿರಮಿಟ್ಟಿನ ಪೊಟ್ಟಣದಾಗ ಮೆಣಸಿನಕಾಯಿ ಹುಡಕೋತ ಅಂದ್ಲು:
"ಎಳಿ ಹರದ್ರ ನಮ್ಮಪ್ಪ ಗಂಟು ಹಾಕತಾನ.
ಉಟ್ಟಾಕಿಗೆ ಗಂಟು ಕಾಣೂದಿಲ್ಲ.
ನೀ ಮಾತ್ರ ಸೀರಿ ಹೊಳ್ಳಿಸಿ ಗಂಟು ಎಣಸಾಕಿ."
ನಾ ಅದನ್ನ ಬರಕೊಂಡೆ.
"ಇದನ್ನೂ ಬರಕೊಂಡಿ?" ಅಂದಾಕಿ ಎದ್ದು ಹೋದ್ಲು,
ಗಿರಮಿಟ್ಟೂ ತಗೊಂಡು.
ರಾತ್ರಿ ನನ್ನ ಪೆನ್ನು ನೋಡಿದ್ರ ನನಗ ನಾಚಿಕಿ.
ಮರುದಿನ ಆ ಸಾಲು ಹರದು ಅಕಿ ಕೈಯಾಗ ಇಟ್ಟೆ, ನಿಂದ, ನೀನ ಇಟಗೋ.
ಎರಡು ಸಲ ಓದಿದ್ಲು.
"ಚಲೋ ಅಂದೇನಲ್ಲ ನಾನು," ಅಂತ ಹೊಳ್ಳಿ ಕೊಟ್ಲು.

ಹದಿಮೂರನೇ ದಿನ ಎರಡನೇ ಕರಡು ಬಂತು.
ಹೃದಯ ಸರಿ. ಪ್ರೀತಿ ದೀರ್ಘ.
ತಪ್ಪು ಒಂದ, ಅದು ನನ್ನ ಹೆಸರಿನ್ಯಾಗ:
ಷ ಕೆಳಗ ಠ ಇರಬೇಕಾದಲ್ಲೆ ಟ.
ಗೊತ್ತಿದ್ದು ಬಿಟ್ಟನೋ, ಗೊತ್ತಿಲ್ಲದ ಬಿಟ್ಟನೋ.
ತಿದ್ದಲಿಲ್ಲ ನಾನು.
ಇದನ್ನ ಯಾರಾರ ಬನಶಂಕರಿಗೆ ಹೇಳ್ರಿ.
ಕಂಪಾಸ್ ಪೆಟ್ಟಿಗ್ಯಾಗ, ಕೋನಮಾಪಕದ ಕೆಳಗ ಮಡಚಿಟ್ಟೆ.

ಮುಂಜಾನೆ ತಗದ್ರ ಮಡಿಕಿ ಅದ, ಜಾಗಾ ಅದ,
ಖರೆ ನನ್ನ ಹೆಸರಿನ ಕೆಳಗ ಕೆಂಪು ಶಾಯಿ,
ಇಪ್ಪತ್ತು ವರ್ಷ ಪಳಗಿದ ಕೈ
ಟ ಹೊಡದು ಠ ಮಾಡೇತಿ.
ಮತ್ತೇನೂ ಇಲ್ಲ. ಅಂಚು ಖಾಲಿ.

ಅಪ್ಪ ಪಡಸಾಲ್ಯಾಗ ಚಾ ಆರಿಸಿಕೋತ ಕೂತಿದ್ದ.
"ಇವತ್ತು ಪರೀಕ್ಷಾ ಏನ?"
"ಇಲ್ಲ."
"ಹೂಂ," ಅಂದ, ಬಿಸ್ಕೀಟು ಅದ್ದಿದ, ಅದು ಮುರದು ಚಾದಾಗ ಬಿತ್ತು.

ಬಸ್ಸಿನ್ಯಾಗ ಮತ್ತ ತಗದು ನೋಡಿದೆ.
ಠ ಅಂದ್ರ ಒಂದು ಸೊನ್ನಿ, ನಡುವ ಒಂದು ಚುಕ್ಕಿ,
ತೆರದ ಕಣ್ಣು.
ಸಿಟ್ಟಿಂದೂ ಅಲ್ಲ, ನಗೂದೂ ಅಲ್ಲ.
ಎರಡು ಸ್ಟಾಪು ದಾಟೂತನಾ
ನಾವಿಬ್ಬರೂ ರೆಪ್ಪಿ ಬಡೀಲಿಲ್ಲ.